ಮೊದಲು ಸ್ಕ್ಯಾನ್ ಮಾಡಿಸ್ರಿ, ಲಗ್ನದ ಮಾತು ಆಮೇಲೆ

ನಿನ್ನೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತಿದ್ದೆ. ಎದುರಿಗೆ ಪಿಯುಸಿ ಓದೋ ವಯಸ್ಸಿನ ಹುಡುಗಿ. ಉಬ್ಬಿದ ಹೊಟ್ಟೆ ಕಾಣದಂಗೆ ವೇಲ್ ಎಳೆದುಕೊಂಡಿದ್ದಳು. ಪಕ್ಕದ ಹೆಂಗಸು ಅವಳ ಅವ್ವನಿಗೆ ಕೇಳಿದ ಮೊದಲ ಮಾತು, "ಪೋರಿದು ಲಗ್ನ ಆಗ್ಯಾದೇನ್ರಿ?" ಇಲ್ಲ ಅಂದಳು ಅವ್ವ. ಆಮೇಲೆ ಅಲ್ಲಿದ್ದವರ ಕಣ್ಣೆಲ್ಲ ಆ ಹೊಟ್ಟೆ ಮೇಲೆ. ಹುಡುಗಿ ತಲೆ ಎತ್ತಲೇ ಇಲ್ಲ. ಸಿಟ್ಟಿಗೆ ರಾತ್ರಿ ನಿದ್ದೆ ಹತ್ತಲಿಲ್ಲ ನನಗೆ.

ನನ್ನ ತಂಗಿಯ ವಿಷಯ ಇಲ್ಲಿರೋ ಹಳಬರಿಗೆ ಗೊತ್ತು. 19ರ ವಯಸ್ಸಿಗೆ ಹೊಟ್ಟೆ ಉಬ್ಬಿತು. ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂತು. ಬಸಿರಲ್ಲ ಅಂತ ಶರಣಬಸಪ್ಪನ ಆಣೆ ಮಾಡಿ ಹೇಳಿದಳು, ದೊಡ್ಡಪ್ಪ ದೊಡ್ಡವ್ವ ಯಾರೂ ನಂಬಲಿಲ್ಲ. ಸ್ಕ್ಯಾನ್‌ನಲ್ಲಿ ಕಂಡದ್ದು ಅಂಡಾಶಯದ ಗಡ್ಡೆ. ಜರ್ಮ್ ಸೆಲ್ ಟ್ಯೂಮರ್ ಅಂತಾರೆ, ಅಂಡಾಣು ತಯಾರಾಗೋ ಜೀವಕೋಶಗಳಲ್ಲಿ ಹುಟ್ಟೋ ಗಡ್ಡೆ. ಅವಳದು ಕ್ಯಾನ್ಸರ್ ಬಗೆಯದು. ಗರ್ಭಿಣಿಯರ ರಕ್ತದಲ್ಲಿರೋ ಎಚ್‌ಸಿಜಿ ಅನ್ನೋ ಹಾರ್ಮೋನನ್ನೇ ಈ ಗಡ್ಡೆಗಳಲ್ಲಿ ಕೆಲವು ತಾವೇ ತಯಾರಿಸುತ್ತವೆ. ಬಸಿರಿಲ್ಲದೆಯೂ ಟೆಸ್ಟ್ ಪಾಸಿಟಿವ್ ಬರೋದು ಅದಕ್ಕೇ.

ಅಂಡಾಶಯದ ಕ್ಯಾನ್ಸರ್ ಅಂದ್ರೆ ಜಾಸ್ತಿ ಕಾಣೋದು 50 ದಾಟಿದವರಲ್ಲಿ. ಇದು ಬೇರೆ ಜಾತಿ. ಅಪರೂಪ, ಆದರೆ ಬರೋದು ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆ. ವಾರಗಳಲ್ಲೇ ಬೆಳೆದುಬಿಡುತ್ತೆ. ನಮ್ಮ ಮಂದಿ ಆ ವಾರಗಳನ್ನು ಕಳೆಯೋದು "ಯಾರಿಗೂ ಹೇಳಬ್ಯಾಡ್ರಿ" ಅನ್ನೋದರಲ್ಲಿ. ಮದುವೆ ನಿಂತೀತು ಅಂತ ಭಯ. ವಯಸ್ಸಿಗೆ ಬಂದ ಮಗಳು, ತಂದೆತಾಯಿಗೆ ಚಿಂತೆ ಇರಲ್ವಾ ಅಂತ ನೀವು ಕೇಳಬಹುದು. ಇರುತ್ತೆ. ಆದರೆ ನಿಮ್ಮ ಚಿಂತೆ ಮುಗಿಯೋ ತನಕ ಗಡ್ಡೆ ಕಾಯೋದಿಲ್ಲ.

ಅಸಲಿಗೆ ಇಷ್ಟು ಹೆದರುವ ರೋಗವೂ ಅಲ್ಲ ಇದು. ಬೇಗ ಹಿಡಿದರೆ ನೂರಕ್ಕೆ 90ಕ್ಕೂ ಹೆಚ್ಚು ಜನ ಗುಣವಾಗ್ತಾರೆ. ಹರಡಿದ ಮೇಲೂ ಬಹಳಷ್ಟು ಜನ ಉಳಿಯುತ್ತಾರೆ. ಆಪರೇಷನ್‌ನಲ್ಲಿ ಗಡ್ಡೆ ಇರೋ ಅಂಡಾಶಯ ಮತ್ತು ಆ ಕಡೆಯ ಅಂಡನಾಳ ತೆಗೆಯುತ್ತಾರೆ. ಗರ್ಭಕೋಶ, ಇನ್ನೊಂದು ಅಂಡಾಶಯ ಸಾಮಾನ್ಯವಾಗಿ ಹಾಗೇ ಉಳಿಸಬಹುದು. ನಂತರ ಬೇಕಾದವರಿಗೆ ಕೀಮೋ ಕೊಡ್ತಾರೆ: ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್ಪ್ಲಾಟಿನ್ ಅನ್ನೋ ಮೂರು ಔಷಧ, 21 ದಿನಕ್ಕೊಂದು ಸುತ್ತು, ಸಾಮಾನ್ಯವಾಗಿ 3 ಅಥವಾ 4 ಸುತ್ತು. ಕೂದಲು ಹೋಗುತ್ತೆ, ವಾಂತಿ ಆಗುತ್ತೆ, ಶ್ವಾಸಕೋಶ, ಕಿಡ್ನಿ, ಕಿವಿ ಮೇಲೆ ಕಣ್ಣಿಟ್ಟಿರಬೇಕು. ಸುಲಭ ಅಂತ ನಾನು ಹೇಳಲ್ಲ. ತಂಗಿ ಬಾತ್‌ರೂಮಿನಲ್ಲಿ ಕೂದಲು ಗುಡಿಸಿ ಒಂದು ಕ್ಯಾರಿಬ್ಯಾಗಿಗೆ ಹಾಕುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆದರೆ ಕೂದಲು ಬಂತು. ಮುಟ್ಟೂ ಮರಳಿತು. ಹೆಚ್ಚಿನವರಿಗೆ ಮರಳುತ್ತದೆ.

ಅದಕ್ಕೇ ಹೇಳ್ತೀನಿ, ಎಳೆ ಹುಡುಗಿಯ ಅಂಡಾಶಯದಲ್ಲಿ ಗಟ್ಟಿ ಗಡ್ಡೆ ಅಂತ ರಿಪೋರ್ಟ್ ಬಂದರೆ, ಆಪರೇಷನ್‌ಗೆ ಮುಂಚೆ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳ್ರಿ. ಈ ಜಾತಿಯ ಗಡ್ಡೆಯ ಸುಳಿವು ಕೊಡೋ ಪರೀಕ್ಷೆಗಳು ಇವು. ಕ್ಯಾನ್ಸರ್ ಡಾಕ್ಟರಿಗೆ ತೋರಿಸ್ರಿ. ಸೊಲ್ಲಾಪುರ, ಹೈದರಾಬಾದ್ ಅಂತ ಓಡುವ ಮೊದಲು ನಮ್ಮೂರಲ್ಲೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಇದೆ ಅನ್ನೋದು ನೆನಪಿರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸರ್ಕಾರಿ ಯೋಜನೆ ಬಗ್ಗೆ ಅಲ್ಲೇ ವಿಚಾರಿಸ್ರಿ.

ಇನ್ನೊಂದು ಮಾತು ಹೇಳದೆ ಇರಲಾರೆ. ಗುಣವಾದ ಮೇಲೂ ಮುಚ್ಚಿಡೋದು ನಿಲ್ಲುವುದಿಲ್ಲ. ಲಗ್ನ ಆಗುತ್ತೆ, ಗಂಡನ ಮನೆಗೆ ಗೊತ್ತಾಗಬಾರದು ಅಂತ ಚೆಕಪ್ಪೇ ಬಿಟ್ಟುಬಿಡ್ತಾರೆ. ಈ ರೋಗ ಮರುಕಳಿಸಿದರೆ ಹೆಚ್ಚಾಗಿ ಮೊದಲ 2 ವರ್ಷಗಳೊಳಗೆ. ಬೇಗ ಗೊತ್ತಾದರೆ ಆಗಲೂ ಔಷಧ ಇದೆ. ನನ್ನ ತಂಗಿಯನ್ನು ನೋಡೋಕೆ ಬಂದವರ ಮುಂದೆ ಫೈಲ್ ತೆಗೆದಿಟ್ಟೇ ಮಾತಾಡಿದೆವು. ಒಂದು ಮನೆಯವರು ಚಹಾ ಕುಡಿದು ಎದ್ದು ಹೋದರು. ಹೋಗಲಿ ಬಿಡ್ರಿ. ಆಮೇಲೆ ಬಂದ ಹುಡುಗ ಈಗ ಅವಳ ಚೆಕಪ್ ತಾರೀಖು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾನೆ.