ಫಲಿತಾಂಶ ಮೊದಲು, ರೇಸ್ ಆಮೇಲೆ

ಫಾರ್ಮುಲಾ ಒನ್ ಕಾರ್ ರೇಸಿನ ಕೊನೆಯ ಸುತ್ತಿನಲ್ಲಿ ಇನ್ನೂ ಮೂರು ತಿರುವು ಬಾಕಿ. ಅಷ್ಟರಲ್ಲಿ ಫೋನು ಗುಂಯ್ ಎಂದು ಗೆದ್ದವನ ಹೆಸರು ಹೇಳಿಬಿಟ್ಟಿತು. ರೇಸ್ ತೋರಿಸುತ್ತಿದ್ದ ಆ್ಯಪೂ ಅದೇ, ಗುಟ್ಟು ರಟ್ಟು ಮಾಡಿದ ಆ್ಯಪೂ ಅದೇ! ಮೂಲೆಯಲ್ಲಿ ಕೆಂಪಗೆ ‘ಲೈವ್’ ಎಂದು ಬರೆದುಕೊಂಡ ಚಿತ್ರ ಅರ್ಧ ನಿಮಿಷ ಹಿಂದೆ ಏದುಸಿರು ಬಿಡುತ್ತಿದ್ದರೆ, ನೋಟಿಫಿಕೇಶನ್ ಮಾತ್ರ ಎಲ್ಲರಿಗಿಂತ ಮುಂದೆ, ಪೋಲ್ ಪೊಸಿಷನ್ನಿನಲ್ಲಿ. ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ಅಳೆಯುವ ಆಟವಿದು ಸ್ವಾಮಿ.

ನೋಟಿಫಿಕೇಶನ್ ಎಂದಾಗ ನೆನಪಾಯಿತು. 2020ರ ಜುಲೈನಲ್ಲಿ, ಆಸ್ಟ್ರಿಯ ರೇಸಿನ ವಾರಾಂತ್ಯದಲ್ಲಿ, ಫಾರ್ಮುಲಾ ಒನ್‌ನ ಆ್ಯಪಿಗೆ ಯಾರೋ ಕನ್ನ ಹಾಕಿ, ‘ನನ್ನ ಭದ್ರತೆ ಒಮ್ಮೆ ನೋಡಿಕೊಳ್ಳಬೇಕು’ ಎಂಬರ್ಥದ ಸಂದೇಶವನ್ನು ಊರಿಗೆಲ್ಲ ಕಳಿಸಿದ್ದರು. ಆ್ಯಪೊಂದು ಆತ್ಮಾವಲೋಕನ ಮಾಡಿಕೊಂಡಿದ್ದು ಅದೊಂದೇ ಸಲ, ಅದೂ ಕಳ್ಳನ ಕೃಪೆಯಿಂದ.

ಆದರೂ ಅಭಿಮಾನಿಗೆ ಇಷ್ಟು ಮರ್ಯಾದೆ ಕೊಡುವ ಆಟ ಬೇರೊಂದಿಲ್ಲ. ವಿದ್ಯುತ್ ಕಾರುಗಳ ರೇಸ್ ಸರಣಿ ಫಾರ್ಮುಲಾ ಇ 2014ರಲ್ಲಿ ಶುರುವಾದಾಗಲೇ ಫ್ಯಾನ್‌ಬೂಸ್ಟ್ ತಂದಿತು: ಮೆಚ್ಚಿನ ಚಾಲಕನಿಗೆ ವೋಟು ಒತ್ತಿ, ಅವನ ಕಾರಿಗೆ ಒಂದಿಷ್ಟು ಹೆಚ್ಚು ಪವರ್ ಕೊಡಿಸಿ. ಎಂಜಿನಿಯರುಗಳು ಬ್ಯಾಟರಿ ಉಳಿಸಲು ತಲೆ ಕೆರೆದುಕೊಳ್ಳಲಿ. ಸೋಫಾದ ಮೇಲೆ ಅಡ್ಡಾದವನ ಹೆಬ್ಬೆರಳೇ ಸಾಕು. 2022ರ ಸೀಸನ್ ಮುಗಿಯುವವರೆಗೂ ಇದು ನಡೆಯಿತು. ಟೈರಿನ ಗಾಳಿ ಬಿಡಲಿಕ್ಕೂ ವೋಟು ಇಟ್ಟಿದ್ದರೆ ಪ್ರಜಾಪ್ರಭುತ್ವ ಪೂರ್ಣವಾಗುತ್ತಿತ್ತು.

ಲೆಕ್ಕ ಹಾಕುವ ಯಂತ್ರದ ಕಥೆ ಬೇರೆ. ಅದೇ 2020ರಲ್ಲಿ ಫಾರ್ಮುಲಾ ಒನ್‌ನವರು ಅಮೆಜಾನ್‌ನ ಕ್ಲೌಡ್ ಕಂಪ್ಯೂಟರು ನಂಬಿ 1983ರಿಂದೀಚಿನ ಅತಿವೇಗದ ಚಾಲಕರ ಪಟ್ಟಿ ಮಾಡಿದರು. ಒಂದೇ ಒಂದು ರೇಸ್ ಗೆದ್ದ ಹೈಕಿ ಕೊವಲೈನೆನ್‌ಗೆ ಎಂಟನೇ ಸ್ಥಾನ. ನಾಲ್ಕು ಸಲ ಚಾಂಪಿಯನ್ ಆದ ಅಲೆನ್ ಪ್ರಾಸ್ಟ್ ಮೊದಲ ಹತ್ತರಲ್ಲೇ ಇಲ್ಲ. ಯಂತ್ರ ಹೇಳಿದ ಮೇಲೆ ಮುಗೀತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ‘ಎಫ್‌ಒನ್ ಡೆಲ್ಟಾ ಟೈಮ್’. 2019ರ ಮೇ ತಿಂಗಳಲ್ಲಿ ಆ ಬ್ಲಾಕ್‌ಚೈನ್ ಆಟದ (ಯಾವ ವಸ್ತು ಯಾರದ್ದೆಂದು ಡಿಜಿಟಲ್ ಖಾತೆಯಲ್ಲಿ ಬರೆದಿಡುವ ಆಟ) ಒಂದು ಡಿಜಿಟಲ್ ಕಾರು ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು. ಎಂಜಿನ್ ಇಲ್ಲ, ಚಕ್ರವಿಲ್ಲ, ಮುಟ್ಟಲು ತಗಡೂ ಇಲ್ಲ. ‘ಜಗತ್ತಿನಲ್ಲಿ ಇದು ಒಂದೇ ಒಂದು’ ಎಂಬ ಹೆಮ್ಮೆಯೊಂದು ಮಾತ್ರ ಇತ್ತು. 2022ರ ಮಾರ್ಚ್‌ನಲ್ಲಿ ಫಾರ್ಮುಲಾ ಒನ್ ಹೆಸರು ಬಳಸುವ ಲೈಸೆನ್ಸ್ ನವೀಕರಣವಾಗದೆ ಆಟವೇ ಬಾಗಿಲು ಹಾಕಿತು. ಕಾರು ಏನಾಗಬೇಕು? ಬದಲಿಗೆ ಇನ್ನೊಂದು ಆಟದ ಕಾರು ಕೊಡ್ತೀವಿ, ಬೇಸರ ಮಾಡ್ಕೋಬೇಡಿ ಎಂದರು. ಗುಜರಿಯವನಾದರೂ ತೂಕಕ್ಕೆ ಹಾಕಿ ನಾಲ್ಕು ಕಾಸು ಕೊಡುತ್ತಿದ್ದ.

ನಗು ಸಾಕು. 1950ರಲ್ಲಿ ಫಾರ್ಮುಲಾ ಒನ್ ಚಾಂಪಿಯನ್‌ಶಿಪ್‌ನ ಮೊದಲ ರೇಸ್ ನಡೆದದ್ದು ಸಿಲ್ವರ್‌ಸ್ಟೋನ್‌ನಲ್ಲಿ. ಇವತ್ತಿಗೂ ಹೆಚ್ಚಿನ ತಂಡಗಳ ಕಾರ್ಖಾನೆಗಳಿರುವುದು ಬ್ರಿಟನ್ನಿನಲ್ಲೇ. ಆದರೂ ಅಲ್ಲಿನವನು ಫಾರ್ಮುಲಾ ಒನ್‌ನದೇ ಆನ್‌ಲೈನ್ ಸೇವೆಯಾದ ಎಫ್‌ಒನ್ ಟಿವಿಯಲ್ಲಿ ರೇಸನ್ನು ನೇರವಾಗಿ ನೋಡುವಂತಿಲ್ಲ, ಹಕ್ಕು ಸ್ಕೈ ಎಂಬ ಟಿವಿ ಕಂಪನಿಗೆ ಮಾರಿಯಾಗಿದೆ. ಒಂದೊಂದು ದೇಶಕ್ಕೆ ಒಂದೊಂದು ಬೇಲಿ. ಇಮೇಲು, ಜನ್ಮದಿನ, ಮೆಚ್ಚಿನ ತಂಡ ಎಲ್ಲ ಕೇಳಿ ಬರೆಸಿಕೊಂಡ ಮೇಲೆ ‘ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತಾರಲ್ಲ, ಅದನ್ನು ಮೊದಲೇ ಹೇಳಲು ಏನು ಧಾಡಿ? ಎದುರಿಗೆ ದುಡ್ಡು ಹಿಡಿದು ನಿಂತರೂ ರೇಸ್ ಕೊಡಲ್ಲ. ಬೇಡದ್ದನ್ನೆಲ್ಲ ಬಿಟ್ಟಿ ತಂದು ಸುರೀತಾರೆ.