10 ವರ್ಷದ ವೀಸಾ ಅಂದರೆ 10 ವರ್ಷ ಇರಬಹುದು ಎಂದಲ್ಲ

'ಅಮೆರಿಕದ 10 ವರ್ಷದ ವೀಸಾ ಇದ್ದರೆ ಮಗಳ ಮನೆಯಲ್ಲಿ ಎಷ್ಟು ತಿಂಗಳಾದರೂ ಇರಬಹುದು. ನಡುವೆ ಒಮ್ಮೆ ಕೆನಡಾಕ್ಕೆ ಹೋಗಿ ಬಂದರೆ ಸಾಕು' ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಬಿ-2 ವೀಸಾದ (ಪ್ರವಾಸಕ್ಕೆ, ಬಂಧುಗಳ ಭೇಟಿಗೆ ಕೊಡುವ ವೀಸಾ) ಮೇಲಿರುವುದು ಬಾಗಿಲು ತಟ್ಟಲು ಇರುವ ಅವಧಿ ಅಷ್ಟೇ. ಒಳಗೆ ಎಷ್ಟು ದಿನ ಎಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಅಧಿಕಾರಿ. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ, ಆದರೆ ಅದು ಖಾತ್ರಿಯಲ್ಲ. ನೀವು ಅಲ್ಲಿ ಇರಬಹುದಾದ ಕೊನೆಯ ದಿನ ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಇಳಿದ ಮೇಲೆ ಆನ್‌ಲೈನ್‌ನಲ್ಲಿ ಅದನ್ನು ತೆಗೆದು ನೋಡಿ. ತುಂಬಾ ಜನ ನೋಡುವುದೇ ಇಲ್ಲ!

ಕೆನಡಾಕ್ಕೆ ಹೋಗಿ 30 ದಿನದೊಳಗೆ ಮರಳಿದರೆ ಸಾಮಾನ್ಯವಾಗಿ ಹಳೆಯ ಐ-94 ದಿನಾಂಕವೇ ಮುಂದುವರಿಯುತ್ತದೆ. ಮೇಲಾಗಿ ಭಾರತೀಯರಿಗೆ ಕೆನಡಾದ್ದೇ ಬೇರೆ ವೀಸಾ ಬೇಕು.

ಮಗಳ ಬಾಣಂತನಕ್ಕೆ ಹೋದವರಿಗೆ ಇನ್ನೂ ಸ್ವಲ್ಪ ದಿನ ಬೇಕು ಅನ್ನಿಸುವುದು ಸಹಜ, ಅಲ್ವಾ? ಆಗ ಐ-94 ದಿನಾಂಕ ಮುಗಿಯುವ ಮೊದಲೇ ಅವಧಿ ವಿಸ್ತರಣೆ ಕೋರಿ ಐ-539 ಅರ್ಜಿ ಹಾಕಬೇಕು. ಸುಮ್ನೆ ಉಳಿದುಬಿಟ್ಟರೆ ಆ 10 ವರ್ಷದ ವೀಸಾವೇ ರದ್ದಾಗುತ್ತದೆ. 180 ದಿನಕ್ಕಿಂತ ಜಾಸ್ತಿ ಅಕ್ರಮವಾಗಿ ಉಳಿದು ಹೊರಟರೆ 3 ವರ್ಷ, 1 ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ 10 ವರ್ಷ ಮತ್ತೆ ಪ್ರವೇಶವಿಲ್ಲ.