ಕಾಕಾ ಹಾಕಿದ ಗಂಟು

ಇವತ್ತು ಬೆಳಿಗ್ಗೆ ಏಳು ಗಂಟೆಗೆ ಒಂದು ಒಳ್ಳೆಯ ನೈಲಾನ್ ಹಗ್ಗವನ್ನು ಈಳಿಗೆಯಿಂದ ಕೊಯ್ದೆ. ಈ ತಿಂಗಳಲ್ಲಿ ಇದು ಮೂರನೆಯದು. ಕೊಯ್ಯುವ ಮುಂಚೆ ಆಚೆ ಈಚೆ ನೋಡಿ, ಓಣಿಯಲ್ಲಿ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಹಗ್ಗ ನನ್ನದು, ಗಾಡಿ ನನ್ನದು, ಈಳಿಗೆ ಕೂಡ ನಮ್ಮ ಮನೆಯದೇ. ಆದರೂ ಕಳ್ಳನ ಹಾಗೆ ಕೊಯ್ಯಬೇಕಾಯಿತು. ಯಾಕೆಂದರೆ ಗಂಟು ಮಾತ್ರ ನನ್ನದಲ್ಲ. ಅದು ಕಾಕಾನದು.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಅದೊಂದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್. ಯಾರೋ ಪುಣ್ಯಾತ್ಮರು ಅದರ ಸೀಟೆಲ್ಲ ಕೀಳಿಸಿ ಮಂಚ, ಅಡುಗೆಕಟ್ಟೆ, ಸಿಂಕು, ನೀರಿನ ಟ್ಯಾಂಕು, ಅಂಗೈಯಷ್ಟು ಫ್ರಿಜ್ಜು ಎಲ್ಲ ಕೂಡಿಸಿದ್ದರು. ಮೋಟರ್‌ಹೋಮ್ ಅಂತ ಕಾಗದದಲ್ಲಿ. ಓಣಿಯಲ್ಲಿ 'ಮನಿಗಾಡಿ'. ಕೊಂಡಾಗ ಹೆಂಡತಿ ಒಂದೇ ಮಾತು ಕೇಳಿದಳು: "ಇರೋ ಮನೀನ ಕಸಾ ಹೊಡ್ಯಾಕ ಆಗವಲ್ದು, ಇನ್ನೊಂದು ಮನಿ ಯಾಕ್ರೀ?" ನಾನು ಗೋಕರ್ಣ, ಬಾದಾಮಿ, ದಾಂಡೇಲಿ ಅಂತ ಏನೇನೋ ಹೇಳಿದೆ. ಹೋದೆವು ಕೂಡ. ಕಳೆದ ವರ್ಷ ಲೆಕ್ಕ ಹಾಕಿದರೆ ಅದರಲ್ಲಿ ಮಲಗಿದ್ದು 19 ರಾತ್ರಿ. ಉಳಿದ 346 ರಾತ್ರಿ ಅದು ಒಂದೇ ಜಾಗದಲ್ಲಿ ನಿಂತಿತ್ತು, ನಾನು ಮನೆಯಲ್ಲಿ ಮಲಗಿ ಅದರ ಚಿಂತೆ ಮಾಡುತ್ತಿದ್ದೆ.

ನಿಲ್ಲಿಸುವುದೆಲ್ಲಿ ಅನ್ನೋದೇ ಮೊದಲ ತಲೆನೋವು. ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯಲ್ಲಿದೆ, 1,507 ಮೀಟರ್. ನನ್ನ 20 ಅಡಿ ಗಾಡಿಗೆ ಊರಲ್ಲೆಲ್ಲೂ ಒಂದು ಸೂರಿಲ್ಲ. ನಮ್ಮ ಪೋರ್ಟಿಕೋ ಏಳೂವರೆ ಅಡಿ ಎತ್ತರ, ಗಾಡಿ ಎಂಟೂವರೆ. ಕೊನೆಗೆ ಮನೆ ಪಕ್ಕದ ಖಾಲಿ ಸೈಟೇ ಗತಿ ಆಯಿತು. ಸೈಟಿನ ಮಾಲೀಕರು ಬೆಂಗಳೂರಲ್ಲಿದ್ದಾರೆ, "ನಿಲ್ಲಿಸ್ಕೊಳ್ಳಿ, ಪಾರ್ಥೇನಿಯಂ ಆದ್ರೂ ಕಡಿಮೆ ಆಗುತ್ತೆ" ಅಂದರು.

ಆ ಸೈಟು ಎರೆಮಣ್ಣಿನದು. ಎರೆಮಣ್ಣು ಗೊತ್ತಲ್ವಾ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಂದರೆ ಚಪ್ಪಲಿ ಕಿತ್ತು ಇಟ್ಟುಕೊಳ್ಳುತ್ತದೆ. ಮೊದಲ ಮಳೆಗಾಲದಲ್ಲಿ ಹಿಂದಿನ ಗಾಲಿ ಅರ್ಧ ಅಡಿ ಇಳಿದು ಗಾಡಿ ಆಕಾಶ ನೋಡುತ್ತಾ ಕೂತಿತು. ಆಮೇಲೆ ಗಾಲಿ ಕೆಳಗೆ ಹಲಗೆ ಹಾಕಿದೆ. ಮೂಲೆಯಲ್ಲೊಂದು ದೊಡ್ಡ ಬೇವಿನ ಮರ ಇದೆ. ಅದರ ಕೆಳಗೆ ನಿಲ್ಲಿಸಿದರೆ ನೆರಳು ಸಿಗುತ್ತದೆ, ಜೊತೆಗೆ ಬೇವಿನಹಣ್ಣು, ಬೇವಿನಹಣ್ಣಿನ ಜೊತೆಗೆ ಕಾಗೆ, ಕಾಗೆಯ ಜೊತೆಗೆ... ಬೇಡ ಬಿಡಿ. ಆ ಹಿಕ್ಕೆ ಬಿಸಿಲಿಗೆ ಒಣಗಿ ಬಣ್ಣವನ್ನೇ ತಿನ್ನುತ್ತದೆ, ಒರೆಸಿದರೂ ಕಲೆ ಹೋಗುವುದಿಲ್ಲ. ಮರದಿಂದ ದೂರ ನಿಲ್ಲಿಸಿದರೆ ಏಪ್ರಿಲ್ ಬಿಸಿಲು. ಡ್ಯಾಶ್‌ಬೋರ್ಡು ಬಿರಿಯಿತು, ಕಿಟಕಿ ರಬ್ಬರು ಶಾವಿಗೆ ಮುರಿದ ಹಾಗೆ ಮುರಿಯಿತು.

ಟೈರಿನ ಕಥೆ ಇನ್ನೂ ಬೇಸರದ್ದು. ಓಡಿದರೆ ಟೈರು ಸವೆಯುತ್ತದೆ ಅಂತಷ್ಟೇ ನನಗೆ ಗೊತ್ತಿದ್ದದ್ದು. ನಿಂತರೂ ಸಾಯುತ್ತದಂತೆ. ಬಿಸಿಲಿಗೆ ಪಕ್ಕಗಳಲ್ಲಿ ಸಣ್ಣ ಸಣ್ಣ ಸೀಳು ಬಿಡುತ್ತದೆ. ಅದರ ಮೈಮೇಲೆ ನಾಲ್ಕು ಅಂಕಿ ಬರೆದಿರುತ್ತಾರೆ, 2118 ಅಂತಿದ್ದರೆ 2018ನೇ ಇಸವಿಯ 21ನೇ ವಾರದಲ್ಲಿ ಹುಟ್ಟಿದ್ದು ಅಂತ ಅರ್ಥ. ನಮ್ಮಪ್ಪ ನನ್ನ ಜಾತಕವನ್ನು ಕೂಡ ಇಷ್ಟು ಚೊಕ್ಕ ಬರೆಸಿಟ್ಟಿರಲಿಲ್ಲ. ಈಗ ನಾಲ್ಕೂ ಗಾಲಿಗೆ ಗೋಣಿಚೀಲ ಹೊದಿಸಿದ್ದೇನೆ.

ಹೀಗೆ ಒಂದೊಂದು ನಷ್ಟಕ್ಕೂ ಒಂದೊಂದು ಪಾಠ ಆಯಿತು. ಪ್ರವಾಸ ಮುಗಿಸಿ ಬಂದ ಕೂಡಲೇ ನೀರಿನ ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು, ಇಲ್ಲದಿದ್ದರೆ ಪಾಚಿ. ಫ್ರಿಜ್ಜು ಖಾಲಿ ಮಾಡಿ ಬಾಗಿಲು ತೆರೆದಿಡಬೇಕು, ಇಲ್ಲದಿದ್ದರೆ ಬೂಷ್ಟು. ಬಿಸ್ಕೀಟಿನ ಚೂರೂ ಇರಬಾರದು, ಇದ್ದರೆ ಇಲಿ. ಪರದೆ ಎಳೆದಿಡಬೇಕು. ಹ್ಯಾಂಡ್‌ಬ್ರೇಕ್ ತಿಂಗಳುಗಟ್ಟಲೆ ಎಳೆದಿಟ್ಟರೆ ಅಲ್ಲೇ ಕಚ್ಚಿಕೊಂಡುಬಿಡುತ್ತದೆ, ಹಾಗಾಗಿ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಬೇಕು. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಬೇಕು, ಇಲ್ಲದಿದ್ದರೆ ಅದು ಸುಮ್ನೆ ನಿಂತಲ್ಲೇ ಸೋರಿ ಸತ್ತಿರುತ್ತದೆ. ಇದೆಲ್ಲವನ್ನೂ ನಾನು ಚಾಚೂ ತಪ್ಪದೆ ಮಾಡಿದೆ. ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಹೊದಿಕೆ. ಮೊದಲು ಎಲ್ಲರ ಹಾಗೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ತಂದೆ. ಅದು ನನ್ನ ಗಾಡಿಯ ಮೇಲಿದ್ದದ್ದಕ್ಕಿಂತ ಬೇರೆಯವರ ಮನೆಯಲ್ಲಿದ್ದದ್ದೇ ಜಾಸ್ತಿ. "ಒಂದ ದಿನ ಕೊಡ್ರಿ" ಅಂತ ಗಣಪತಿ ಪೆಂಡಾಲಿಗೆ ಹೋಯಿತು, ಮೆಣಸಿನಕಾಯಿ ಒಣಗಿಸೋಕೆ ಹೋಯಿತು, ಯಾರದೋ ಕುಬಸದ ಊಟದ ಪಂಕ್ತಿಗೂ ಹೋಗಿ ಬಂತು, ಸಾರಿನ ಕಲೆ ಸಮೇತ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲಿಗೆ ಹಪ್ಪಳದಂತಾಗಿ ಮುಟ್ಟಿದರೆ ನೀಲಿ ಚೂರು ಉದುರಿತು. ಗಾಳಿಗೆ ಪಟಪಟ ಬಡಿದು ಮೂಲೆಗಳಲ್ಲಿ ಗಾಡಿಯ ಬಣ್ಣವನ್ನೂ ಉಜ್ಜಿ ಹಾಕಿತು. ಪ್ಲಾಸ್ಟಿಕ್ಕಿಗೆ ಉಸಿರಿಲ್ಲ ನೋಡಿ, ಒಳಗಿನ ಹಸಿ ಒಳಗೇ ಉಳಿದು ಶ್ರಾವಣ ಮುಗಿಯುವಷ್ಟರಲ್ಲಿ ಹಾಸಿಗೆಗೆ ಹಸಿರು ಬೂಷ್ಟು ಬಂತು. ಕೊನೆಗೆ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಅಳತೆ ಕೊಟ್ಟು, ಗಾಳಿ ಆಡುವ ದಪ್ಪ ಬಟ್ಟೆಯಲ್ಲಿ ಬುರುಕಿ ಹೊಲಿಸಿದೆ. ಹೊಲಿದವನು ಬಿಲ್ಲು ಬರೆಯುತ್ತಾ "ಇಷ್ಟ ರೊಕ್ಕದಾಗ ಮಗಳ ಮದಿವಿಗೆ ಸೀರಿ ಬರ್ತಿದ್ವು ಸರ" ಅಂದ. ಇದನ್ನು ಹೆಂಡತಿಗೆ ಹೇಳಿಲ್ಲ.

ಬುರುಕಿ ಬಂತು, ಬುರುಕಿಯ ಜೊತೆ ಹಗ್ಗ ಬಂತು, ಹಗ್ಗದ ಹಿಂದೆ ಕಾಕಾ ಬಂದರು.

ಕಾಕಾ ನಮ್ಮ ಎದುರು ಮನೆಯವರು. ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದು ರಿಟೈರ್ ಆದವರು. ಸುತ್ತಿಗೆ ಸದ್ದಿನಲ್ಲೇ ಆಯುಷ್ಯ ಕಳೆದು ಕಿವಿ ಸ್ವಲ್ಪ ಮಂದ, ಕೈ ಮಾತ್ರ ಇನ್ನೂ ಕಬ್ಬಿಣ. ಬೆಳಿಗ್ಗೆ ಆರಕ್ಕೆ ಹಾಲು ತರಲು ಹೊರಡುತ್ತಾರೆ. ಹೋಗುವಾಗ ನನ್ನ ಗಾಡಿಯ ಒಂದೊಂದು ಹಗ್ಗವನ್ನೂ ತಂಬೂರಿ ತಂತಿ ಮೀಟಿದ ಹಾಗೆ ಮೀಟಿ ನೋಡುತ್ತಾರೆ. ಬರುವಾಗ ಹಾಲಿನ ಚೀಲ ಕನ್ನಡಿಗೆ ಸಿಕ್ಕಿಸಿ, ನಾನು ಹಾಕಿದ ಗಂಟನ್ನೆಲ್ಲ ಬಿಚ್ಚಿ ತಮ್ಮದು ಹಾಕುತ್ತಾರೆ. ನನ್ನದು ಒಂದು ಎಳೆತಕ್ಕೆ ಬಿಚ್ಚುವ ಜೀರುಗಂಟು. ಅವರದು... ಅದಕ್ಕೆ ಹೆಸರಿಲ್ಲ. ಕಗ್ಗಂಟು ಅನ್ನಬಹುದು, ಆದರೆ ಕಗ್ಗಂಟನ್ನು ಹಲ್ಲಿನಿಂದಾದರೂ ಬಿಡಿಸಬಹುದು. ಎಡಗಾಲನ್ನು ಗಾಲಿಗೆ ಒತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, "ಹೂಂ" ಅಂತ ಎಳೆದು, ಹಗ್ಗವನ್ನು ಅದರ ಹೊಟ್ಟೆಯೊಳಗೇ ತೂರಿಸಿ, ತುದಿಯನ್ನು ಎಲ್ಲೋ ಮಾಯ ಮಾಡಿಬಿಡುತ್ತಾರೆ. ಆಮೇಲೆ ಅದರ ಮೇಲೆ ಎರಡು ಸಲ ಹೆಬ್ಬೆರಳಿನಿಂದ ಒತ್ತುತ್ತಾರೆ, ಅಂಚೆ ಕಚೇರಿಯಲ್ಲಿ ಸ್ಟಾಂಪ್ ಹಚ್ಚಿದ ಹಾಗೆ.

"ಕಾಕಾ, ನಾನೇ ಕಟ್ಟಿದ್ದೆನಲ್ರೀ" ಅಂದರೆ, "ಕಟ್ಟಿದ್ದಿ ತಮ್ಮಾ, ಲಂಗದ ಲಾಡಿ ಕಟ್ಟಿದಂಗ ಕಟ್ಟಿದ್ದಿ. ಅಡ್ಡಮಳಿ ಬಂದ್ರ ನಿನ್ನ ಬುರುಕಿ ಕುಂದಗೋಳಕ್ಕ ಹೋಗಿ ಬೀಳತೈತಿ" ಅನ್ನುತ್ತಾರೆ. ಸಿಟ್ಟು ಬರುವುದು ಯಾಕೆಂದರೆ, ಅವರು ಹೇಳಿದ್ದು ಸುಳ್ಳಲ್ಲ. ಮೇ ತಿಂಗಳಲ್ಲಿ ಅವರು ಮಗಳ ಊರಿಗೆ ಹೋಗಿದ್ದ ವಾರವೇ ಅಡ್ಡಮಳೆ ಬಂದು, ನನ್ನ ಗಂಟು ಬಿಚ್ಚಿ, ಬುರುಕಿ ಕುಂದಗೋಳಕ್ಕೆ ಹೋಗದಿದ್ದರೂ ಮೂರನೇ ಮನೆಯ ಟೆರೇಸಿನ ಸಂಡಿಗೆ ಮೇಲೆ ಹೋಗಿ ಕೂತಿತ್ತು. ಆ ಮನೆಯವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಹೋದ ಭಾನುವಾರ ನಡೆದದ್ದು ಮಾತ್ರ ನಾನು ಮರೆಯುವಂಥದ್ದಲ್ಲ.

ಎರಡು ದಿನ ಜಿಟಿಜಿಟಿ ಹಿಡಿದು ಅವತ್ತು ಬಿಸಿಲು ಬಿದ್ದಿತ್ತು. ಒಳಗೆ ಗಾಳಿಯಾಡಲಿ ಅಂತ ಒಂದು ಬದಿಯ ಬುರುಕಿ ಎತ್ತಿ, ಬಾಗಿಲು ಸರಿಸಿ ಒಳಗೆ ಹೋದೆ. ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದೆ. ಹಾಸಿಗೆ ಹಸಿಯಾಗಿದೆಯಾ ನೋಡೋಣ ಅಂತ ಕೈಯಿಟ್ಟೆ, ಕೈಯಿಂದ ಸರಿಯಾಗಿ ಗೊತ್ತಾಗಲಿಲ್ಲ, ಮಲಗಿ ನೋಡಿದೆ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಆಗಿತ್ತು. ಮುಂದಿನದು ನಿಮಗೆ ಗೊತ್ತು.

ಎಚ್ಚರವಾದಾಗ ಕತ್ತಲು. ರಾತ್ರಿಯಾಯಿತಾ ಅಂದುಕೊಂಡೆ. ಆಮೇಲೆ ಬೆವರಿನಲ್ಲಿ ಒದ್ದೆಯಾದ ಬನಿಯನ್ನು ಹೇಳಿತು, ರಾತ್ರಿ ಅಲ್ಲ, ಬುರುಕಿ ಇಳಿದಿದೆ. ಬಾಗಿಲಲ್ಲಿ ಬಟ್ಟೆ ತಳ್ಳಿ ನೋಡಿದೆ, ಡೋಲಿನ ಚರ್ಮದ ಹಾಗೆ ಬಿಗಿಯಾಗಿತ್ತು. ಒಂದು ಕೈ ಹೊರಗೆ ಹೋಗುವಷ್ಟೂ ಸಂದಿಲ್ಲ. ಕಾಕಾ ಬಂದಿದ್ದಾರೆ, ಬುರುಕಿ ಎದ್ದಿದ್ದು ನೋಡಿದ್ದಾರೆ, "ಈ ಹುಡುಗಗ ಲಕ್ಷ್ಯ ಇಲ್ಲ" ಅಂದುಕೊಂಡಿದ್ದಾರೆ, ಕಾಲು ಕೊಟ್ಟು ಎಳೆದು ಕಟ್ಟಿ ಹೋಗಿದ್ದಾರೆ. ನನ್ನ ಗೊರಕೆ ಹಿಂದಿನ ಓಣಿಗೂ ಕೇಳುತ್ತದೆ ಅಂತ ಹೆಂಡತಿ ಹೇಳುತ್ತಾಳೆ. ಕಾಕಾನ ಕಿವಿಗೆ ಕೇಳಿಲ್ಲ.

ಹಾರ್ನ್ ಹೊಡೆಯೋಣ ಅಂತ ಮುಂದಿನ ಸೀಟಿಗೆ ತೆವಳಿದೆ. ಒತ್ತಿದೆ. ಸದ್ದಿಲ್ಲ. ನೆಗೆಟಿವ್ ವೈರು ನಾನೇ ಬಿಚ್ಚಿಟ್ಟಿದ್ದು! ಫ್ಯಾನಿಲ್ಲ, ಲೈಟಿಲ್ಲ. ಬಾಯಾರಿಕೆಗೆ ನಲ್ಲಿ ತಿರುಗಿಸಿದೆ, ಟ್ಯಾಂಕು ಖಾಲಿ, ನಾನೇ ಮಾಡಿದ್ದು. ಫ್ರಿಜ್ಜಿನ ಬಾಗಿಲು ಅಗಲವಾಗಿ ತೆರೆದಿತ್ತು, ಒಳಗೆ ಡಾಂಬರ್ ಗುಳಿಗೆ ಬಿಟ್ಟರೆ ಬೇರೇನಿಲ್ಲ. ಒಂದು ಬಿಸ್ಕೀಟಿನ ಚೂರಿಗೂ ಗತಿಯಿಲ್ಲದಂತೆ ಗುಡಿಸಿಟ್ಟ ಮಹಾನುಭಾವ ನಾನೇ. ಇಲಿ ಬದುಕಬಾರದು ಅಂತ ನಾನು ಮಾಡಿದ್ದ ವ್ಯವಸ್ಥೆ ಎಷ್ಟು ಪಕ್ಕಾ ಇದೆ ಅಂತ ಇಲಿಯ ಜಾಗದಲ್ಲಿ ನಿಂತು ನೋಡಿದೆ.

ಕೂಗಿದೆ. ದಪ್ಪ ಬಟ್ಟೆ ಅಂತ ಹೆಚ್ಚಿಗೆ ದುಡ್ಡು ಕೊಟ್ಟಿದ್ದೆನಲ್ಲ, ಸದ್ದು ಹೊರಗೆ ಹೋಗಲಿಲ್ಲ. ಅಡುಗೆಕಟ್ಟೆಯಿಂದ ಸೌಟು ತೆಗೆದು ತಗಡಿಗೆ ಬಡಿದೆ, ಬುರುಕಿಯನ್ನು ಒಳಗಿನಿಂದ ಕಾಲಿನಲ್ಲಿ ಒದ್ದೆ. ಅರ್ಧ ಗಂಟೆಯೋ, ಒಂದು ಗಂಟೆಯೋ. ಕೊನೆಗೆ ಯಾರೋ ಬಂದ ಹಾಗಾಯಿತು. ಖುಷಿಯಿಂದ ಇನ್ನೂ ಜೋರಾಗಿ ಒದ್ದೆ. ಹೊರಗಿನಿಂದ ನನ್ನ ಮೊಣಕಾಲಿಗೆ ಸರಿಯಾಗಿ ಒಂದು ಬಡಿಗೆ ಏಟು ಬಿತ್ತು.

"ಹುಶ್! ಹುಶ್! ಏ ಬರ್ರೋ, ಗಾಡ್ಯಾಗ ಮಂಗ್ಯಾ ಹೊಕ್ಕಾವ!"

ಕಾಕಾಗೆ ಸದ್ದು ಕೇಳಿರಲಿಲ್ಲ, ಬುರುಕಿ ಕುಣಿಯುವುದು ಕಂಡಿತ್ತು. ಓಣಿಯ ಕ್ರಿಕೆಟ್ ಹುಡುಗರೆಲ್ಲ ಬ್ಯಾಟು ಹಿಡಿದು ಬಂದರು. ನಾನು "ಕಾಕಾ! ಕಾಕಾ!" ಅಂತ ಹೊಯ್ಕೊಂಡೆ. ಒಂದು ಕ್ಷಣ ಹೊರಗೆಲ್ಲ ಸುಮ್ಮನಾಯಿತು. ಆಮೇಲೆ ಒಬ್ಬ ಹುಡುಗ ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿತು: "ಅಜ್ಜಾರ, ಮಂಗ್ಯಾ ನಿಮ್ಮನ್ನ ಕರ್ಯಾಕತ್ತೈತಿ."

ನಾನೇ ಅಂತ ತಿಳಿದ ಮೇಲಾದರೂ ಬೇಗ ಬಿಟ್ಟರಾ? ಹುಡುಗನೊಬ್ಬ ಚಾಕು ತರಲು ಓಡಿದರೆ ಕಾಕಾ ತಡೆದರು. "ಹಗ್ಗ ಹೊಸಾದೈತಿ, ಕೊಯ್ಯಬ್ಯಾಡ. ಗಂಟ ಬಿಚ್ಚತೇನಿ, ತಡಿ." ಆಮೇಲೆ ನಿಧಾನವಾಗಿ ಬಿಚ್ಚತೊಡಗಿದರು, ಬಿಚ್ಚುತ್ತಲೇ ಹುಡುಗರಿಗೆ ಪಾಠ: ಈ ಎಳಿ ಮ್ಯಾಲ, ಈ ಎಳಿ ಕೆಳಗ, ಗೂಡ್ಸ್ ಗಾಡಿ ತಾಡಪತ್ರಿಗೆ ಹಿಂಗ ಕಟ್ಟತಿದ್ರು. ಹೆಂಡತಿ ಬಂದದ್ದೂ ಗೊತ್ತಾಯಿತು. "ಒಳಗ ಇದ್ದಾರೇನು? ನಾ ಎಲ್ಲಿ ಹ್ವಾದ್ರೋ ಅಂತ ಮಾಡಿದ್ದೆ. ಕಾಕಾ, ನಿಧಾನಕ್ಕ ಬಿಚ್ಚರಿ, ಅರ್ಜೆಂಟ್ ಏನಿಲ್ಲ."

ಬುರುಕಿ ಸ್ವಲ್ಪ ಸಡಿಲಾದಾಗ ಸಂದಿಯಲ್ಲಿ ಕಾಕಾನ ಕೈ ಮಾತ್ರ ಕಾಣುತ್ತಿತ್ತು. ಉಗುರಲ್ಲಿ ಕಪ್ಪು ಗೆರೆ, ದಪ್ಪ ಹೆಬ್ಬೆರಳು, ಗಂಟಿನ ಹೊಟ್ಟೆಯನ್ನು ಒತ್ತಿ ಒತ್ತಿ ತುದಿ ಹುಡುಕುವ ರೀತಿ. ಎಲ್ಲೋ ನೋಡಿದ್ದೇನಲ್ಲ ಅನಿಸಿತು. ನಮ್ಮ ಅಜ್ಜನ ಕೈ ಅದು. ನರಗುಂದದ ಕಡೆ ನಮ್ಮ ಹಳ್ಳಿಯಲ್ಲಿ ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಕೊಲ್ಲಾರಿ ಬಂಡಿ ಕಟ್ಟುತ್ತಿದ್ದರು. ಬಿದಿರಿನ ಕಮಾನು, ಮೇಲೆ ತಟ್ಟು, ಒಳಗೆ ಮೆತ್ತಗೆ ಹುಲ್ಲು, ಹುಲ್ಲಿನ ಮೇಲೆ ನವಲಗುಂದದ ಜಮಖಾನ. ರಾತ್ರಿ ಎಲ್ಲಾದರೂ ಬಂಡಿ ಬಿಟ್ಟು, ಮೂರು ಕಲ್ಲು ಹೂಡಿ ಅಡುಗೆ. ನಾವು ಹುಡುಗರು ಬಂಡಿಯೊಳಗೆ, ದೊಡ್ಡವರು ಬಂಡಿ ಕೆಳಗೆ ಮಲಗುವುದು. ಬಂದ ಮೇಲೆ ಅಜ್ಜ ಕಮಾನು ಬಿಚ್ಚಿ ಅಟ್ಟಕ್ಕೆ ಏರಿಸಿ, ಅಚ್ಚಿಗೆ ಕೀಲೆಣ್ಣೆ ಹಾಕಿ, ಮಿರಗದ ಮಳೆ ಬೀಳುವ ಮುಂಚೆ ಬಂಡಿಯನ್ನು ತಗಡಿನ ಕೆಳಗೆ ನೂಕುತ್ತಿದ್ದ. ಅದಕ್ಕೆ ಬುರುಕಿ ಹೊಲಿಸಿದ್ದು ನೆನಪಿಲ್ಲ. ಆ ಬಂಡಿ ಆಮೇಲೆ ಏನಾಯಿತು ಅಂತಲೂ ನಾನು ಯಾರನ್ನೂ ಕೇಳಿಲ್ಲ.

ಬಿಡಿ. ಹೊರಗೆ ಬಂದಾಗ ಕಾಕಾ "ಕ್ಷಮಿಸು" ಅನ್ನಬಹುದು ಅಂತ ಕಾದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೋಡಿದ್ಯಾ ತಮ್ಮಾ? ಒಳಗಿಂದ ಇಷ್ಟ ಒದ್ದೀ, ಗಂಟ ಒಂದ ನೂಲಷ್ಟೂ ಸಡಲಿಲ್ಲ" ಅಂದರು.

ಅವತ್ತಿನಿಂದ ನಾನು ಬೆಳಿಗ್ಗೆ ಕೊಯ್ಯುತ್ತೇನೆ, ಅವರು ಸಂಜೆ ಕಟ್ಟುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಇವತ್ತು ನೀರು ಒಳಗೆ ಇಳಿದಿದೆಯಾ ನೋಡಲೇಬೇಕಿತ್ತು, ಅದಕ್ಕೇ ಈಳಿಗೆ. ಈಗ ಸಂಜೆ ಐದು ಗಂಟೆ. ಧಾರವಾಡದ ಕಡೆ ಮೋಡ ಕಟ್ಟಿದೆ. ಕಿಟಕಿಯಲ್ಲಿ ಕಾಕಾ ಕಾಣುತ್ತಿದ್ದಾರೆ. ನಾನು ಕೊಯ್ದ ತುಂಡುಗಳನ್ನೆಲ್ಲ ಗಂಟು ಹಾಕಿ ಮತ್ತೆ ಒಂದೇ ಹಗ್ಗ ಮಾಡಿದ್ದಾರೆ, ಎಡಗಾಲು ಗಾಲಿಗೆ ಒತ್ತಿದ್ದಾರೆ, ಬೆನ್ನು ಬಾಗಿದೆ. ಎಳೆಯಲಿ ಬಿಡು, ಮಳೆಯಾದರೂ ಒಳಗೆ ಹೋಗುವುದಿಲ್ಲ ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಅಡುಗೆಮನೆಯಿಂದ ಹೆಂಡತಿ ಕೇಳುತ್ತಿದ್ದಾಳೆ: "ಏನ್ರೀ, ಹುಡುಗ ಎಲ್ಲಿ? ಗಾಡ್ಯಾಗ ಚಾರ್ಜರ್ ಬಿಟ್ಟೇನಿ, ತರ್ತೇನಿ ಅಂತ ಹ್ವಾದಾಂವ ಇನ್ನೂ ಬಂದಿಲ್ಲ..."